ಫ್ಯೂಷನ್ ಆಪರೇಷನ್ ಆದ ಮೇಲೆ ಅಮ್ಮ ನೆಲದ ಮೇಲೆ ಕೂರಬಹುದಾ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ದಾವಣಗೆರೆ ಹತ್ತಿರದ ಹಳ್ಳಿಯಲ್ಲಿದ್ದಾರೆ. ಎರಡು ವರ್ಷದಿಂದ ಸೊಂಟ ನೋವು, ಎಡಗಾಲಿಗೆ ಸೆಳೆತ. ಹತ್ತು ನಿಮಿಷ ನಡೆದರೆ ಕಾಲು ಭಾರವಾಗಿ ಎಲ್ಲಾದರೂ ಕೂತುಬಿಡುತ್ತಾರೆ. ಕೂತರೆ ಹಗುರ. ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಎಲ್4 ಎಂಬ ಮೂಳೆ ಅದರ ಕೆಳಗಿನ ಎಲ್5ರ ಮೇಲೆ ಮುಂದಕ್ಕೆ ಜಾರಿದೆ, ನರ ಒತ್ತಿದೆ ಎಂದು ಎಂಆರ್‌ಐನಲ್ಲಿ ಬಂದಿದೆ. ಮಾತ್ರೆ, ಬೆಲ್ಟು, ಫಿಸಿಯೋಥೆರಪಿ, ಇಂಜೆಕ್ಷನ್ ಎಲ್ಲಾ ಆಯಿತು. ಸ್ಕ್ರೂ ಹಾಕಿ ಫ್ಯೂಷನ್ ಮಾಡೋಣ, ಅಂದರೆ ಎರಡೂ ಮೂಳೆಗಳನ್ನು ಬೆಸೆಯೋಣ, ಸಕ್ಸಸ್ ರೇಟ್ ಚೆನ್ನಾಗಿದೆ ಎನ್ನುತ್ತಾರೆ ಡಾಕ್ಟರು. ಅಮ್ಮ ಕೇಳುವುದು ಇಷ್ಟೇ: "ಆಮೇಲೆ ನೆಲದ ಮೇಲೆ ಕೂತು ರೊಟ್ಟಿ ತಟ್ಟಬಹುದಾ? ಹೊಲಕ್ಕೆ ಹೋಗಿ ಬರಬಹುದಾ?" ಇಂಟರ್ನೆಟ್‌ನಲ್ಲಿ ಒಬ್ಬರು ಬದುಕು ವಾಪಸ್ ಬಂತು ಎನ್ನುತ್ತಾರೆ, ಇನ್ನೊಬ್ಬರು ಬದುಕೇ ಹಾಳಾಯಿತು ಎನ್ನುತ್ತಾರೆ. ಸಂಶೋಧನೆಗಳು ನಿಜವಾಗಿ ಏನು ಹೇಳುತ್ತವೆ?

ಉತ್ತರ: ನಾನು ಆಪರೇಷನ್ ಮಾಡುವವನಲ್ಲ. ಆಪರೇಷನ್ ಆದವರನ್ನು ಮತ್ತೆ ನಡೆಸುವ, ಕೂರಿಸುವ, ಕೆಲಸಕ್ಕೆ ಕಳಿಸುವ ವಿಭಾಗದವನು. ಹಾಗಾಗಿ ನಿಮ್ಮ ಅಮ್ಮನ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಅದನ್ನು ಕೇಳಲು ವೈದ್ಯರಿಗೆ ಸುಮಾರು ಎಪ್ಪತ್ತು ವರ್ಷ ಬೇಕಾಯಿತು.

1911ರಲ್ಲಿ ನ್ಯೂಯಾರ್ಕ್‌ನಲ್ಲಿ ಫ್ರೆಡ್ ಆಲ್ಬೀ ಮತ್ತು ರಸೆಲ್ ಹಿಬ್ಸ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಫ್ಯೂಷನ್ ಶುರು ಮಾಡಿದರು. ಆಗ ಅದು ಮುಖ್ಯವಾಗಿ ಬೆನ್ನುಮೂಳೆಯ ಟಿಬಿಗೆ. ಟಿಬಿ ಮೂಳೆಯನ್ನು ತಿಂದು ಹಾಕುತ್ತದೆ, ಬೆನ್ನು ಗೂನಾಗುತ್ತದೆ. ಅಕ್ಕಪಕ್ಕದ ಮೂಳೆಗಳನ್ನು ಬೆಸೆದುಬಿಟ್ಟರೆ ಕುಸಿತ ನಿಲ್ಲುತ್ತದೆ. ಅಂಥ ಕಾಯಿಲೆಗೆ "ಮೂಳೆ ಕೂಡಿತಾ?" ಎಂಬ ಪ್ರಶ್ನೆ ಸಾಕಾಗಿತ್ತು. ಎಕ್ಸ್‌ರೇ ನೋಡಿದರೆ ಉತ್ತರ ಸಿಗುತ್ತಿತ್ತು. ಆದರೆ ಅದೇ ಆಪರೇಷನ್ ಆಮೇಲೆ ಸವೆತಕ್ಕೆ, ಜಾರಿದ ಮೂಳೆಗೆ, ಬರೀ ಸೊಂಟ ನೋವಿಗೂ ಬಂತು. ಪ್ರಶ್ನೆ ಮಾತ್ರ ಹಳೆಯದೇ ಉಳಿಯಿತು.

ಆಪರೇಷನ್ ಏನೆಂದು ಸುಲಭವಾಗಿ ಹೇಳುತ್ತೇನೆ. ಮನೆಗೆ ಮೋಲ್ಡ್ ಹಾಕುವಾಗ ಕೆಳಗೆ ಸೆಂಟ್ರಿಂಗ್ ನಿಲ್ಲಿಸುತ್ತಾರೆ ಅಲ್ವಾ? ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದು ಭಾರ ಹೊರುತ್ತದೆ. ಸ್ಕ್ರೂ ಮತ್ತು ರಾಡ್ ಮಾಡುವ ಕೆಲಸವೂ ಅಷ್ಟೇ. ನಿಜವಾದ ಜೋಡಣೆ ಆಗುವುದು ನಡುವೆ ಇಟ್ಟ ಮೂಳೆ ಚೂರುಗಳು ಬೆಳೆದು ಎರಡೂ ಮೂಳೆಗಳನ್ನು ಒಂದು ಮಾಡಿದಾಗ. ಅದಕ್ಕೆ ತಿಂಗಳುಗಟ್ಟಲೆ ಬೇಕು, ಕೆಲವರಲ್ಲಿ ವರ್ಷವೇ ಹಿಡಿಯುತ್ತದೆ. ಸೆಂಟ್ರಿಂಗ್ ಬಿಚ್ಚುತ್ತಾರೆ, ಸ್ಕ್ರೂಗಳನ್ನು ಸಾಮಾನ್ಯವಾಗಿ ಒಳಗೇ ಬಿಡುತ್ತಾರೆ. ಅಷ್ಟೇ ವ್ಯತ್ಯಾಸ.

ಮೂಳೆ ಕೂಡುವುದು ಬೇರೆ, ಮನುಷ್ಯ ಚೆನ್ನಾಗಿರುವುದು ಬೇರೆ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 1997ರಲ್ಲಿ ಅಮೆರಿಕದ ಫಿಶ್‌ಗ್ರುಂಡ್ ಮತ್ತು ಅವರ ಜೊತೆಗಾರರ ಅಧ್ಯಯನ. ಅದರಲ್ಲಿದ್ದವರಿಗೂ ನಿಮ್ಮ ಅಮ್ಮನ ಹಾಗೆ ಮೂಳೆ ಜಾರಿತ್ತು, ನರ ಒತ್ತಿತ್ತು. ಅರ್ಧ ಜನಕ್ಕೆ ಸ್ಕ್ರೂ ಹಾಕಿದರು, ಉಳಿದವರಿಗೆ ಬರೀ ಮೂಳೆ ಚೂರು ಇಟ್ಟರು. ಸ್ಕ್ರೂ ಹಾಕಿದವರಲ್ಲಿ ಶೇ. 82 ಜನರ ಮೂಳೆ ಗಟ್ಟಿಯಾಗಿ ಕೂಡಿತು. ಹಾಕದವರಲ್ಲಿ ಶೇ. 45 ಮಾತ್ರ. ಆದರೆ ಎರಡು ವರ್ಷದ ನಂತರ "ಹೇಗಿದ್ದೀರಿ?" ಎಂದು ಕೇಳಿದಾಗ ಎರಡೂ ಗುಂಪಿನವರ ಉತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ! ಎಕ್ಸ್‌ರೇಯಲ್ಲಿ ಸೋತವರೂ ಆರಾಮಾಗಿ ಓಡಾಡುತ್ತಿದ್ದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ಕ್ರೂ ಹಾಕದ ಆ ಗುಂಪಿನವರನ್ನು ಐದರಿಂದ ಹದಿನಾಲ್ಕು ವರ್ಷ ಆದ ಮೇಲೆ ಮತ್ತೆ ಹುಡುಕಿ ನೋಡಿದರು. 2004ರಲ್ಲಿ ಆ ವರದಿ ಬಂತು. ಮೂಳೆ ಕೂಡಿದವರಲ್ಲಿ ಶೇ. 86 ಜನ ಚೆನ್ನಾಗಿದ್ದರು. ಕೂಡದವರಲ್ಲಿ ಶೇ. 56. ಅಂದರೆ ಎರಡು ವರ್ಷಕ್ಕೆ ಕಾಣದ ವ್ಯತ್ಯಾಸ ಆಮೇಲೆ ಕಂಡಿತು. ಈ ಎರಡು ವರದಿಗಳನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಒಟ್ಟಿಗೇ ಓದಿಸುತ್ತೇನೆ. ಒಂದನ್ನು ಮಾತ್ರ ಓದಿದರೆ ತಪ್ಪು ದಾರಿಗೆ ಹೋಗುತ್ತೇವೆ. "ಸಕ್ಸಸ್" ಎಂದು ಯಾರಾದರೂ ಹೇಳಿದರೆ ಎರಡು ವಿಷಯ ಕೇಳಬೇಕು. ಯಾವುದರ ಸಕ್ಸಸ್? ಎಷ್ಟು ವರ್ಷಕ್ಕೆ?

ಹಾಗಾದರೆ "ಚೆನ್ನಾಗಿರುವುದನ್ನು" ಅಳೆಯುವುದು ಹೇಗೆ? 1980ರಲ್ಲಿ ಇಂಗ್ಲೆಂಡಿನ ಆಸ್ವೆಸ್ಟ್ರಿ ಎಂಬ ಊರಿನ ಆಸ್ಪತ್ರೆಯಿಂದ ಒಂದು ಪ್ರಶ್ನಾವಳಿ ಬಂತು. ಊರಿನ ಹೆಸರೇ ಅದಕ್ಕೆ ಉಳಿದಿದೆ. ನೋವು, ಸ್ನಾನ-ಬಟ್ಟೆಯಂಥ ಸ್ವಂತ ಕೆಲಸ, ಭಾರ ಎತ್ತುವುದು, ನಡಿಗೆ, ಕೂರುವುದು, ನಿಲ್ಲುವುದು, ನಿದ್ದೆ, ದಾಂಪತ್ಯ, ಜನರ ಜೊತೆ ಬೆರೆಯುವುದು, ಪ್ರಯಾಣ. ಹೀಗೆ ಹತ್ತು ಭಾಗ. ಸೊನ್ನೆ ಬಂದರೆ ತೊಂದರೆಯೇ ಇಲ್ಲ. ನೂರರ ಹತ್ತಿರ ಹೋದರೆ ಹಾಸಿಗೆ ಹಿಡಿದಂತೆ. ಆಪರೇಷನ್ನಿನ ನಂತರ ಸುಮಾರು ಹತ್ತು ಅಂಕ ಇಳಿದರೆ ಮಾತ್ರ ರೋಗಿಗೆ "ಹೌದು, ವ್ಯತ್ಯಾಸ ಗೊತ್ತಾಗ್ತಿದೆ" ಅನ್ನಿಸುತ್ತದೆ. ಅದಕ್ಕಿಂತ ಕಡಿಮೆಯಾದರೆ ಕಾಗದದ ಮೇಲಿನ ಲೆಕ್ಕ ಅಷ್ಟೇ. ಇದರ ಜೊತೆಗೆ ಒಟ್ಟಾರೆ ಆರೋಗ್ಯ ಅಳೆಯುವ ಎಸ್‌ಎಫ್-36, ಇಕ್ಯೂ-5ಡಿ ಎಂಬ ಪ್ರಶ್ನಾವಳಿಗಳೂ ಬಂದವು. ಇಕ್ಯೂ-5ಡಿ ಕನ್ನಡದಲ್ಲೂ ಇದೆ. ಓಡಾಟ, ಸ್ವಂತ ಕೆಲಸ, ದಿನದ ಕೆಲಸ, ನೋವು, ಆತಂಕ ಎಂದು ಐದೇ ವಿಷಯ ಕೇಳುತ್ತದೆ.

ಆದರೆ ಒಂದು ಮಾತು. ಆಸ್ವೆಸ್ಟ್ರಿಯಲ್ಲಿ ಕೂರುವುದರ ಬಗ್ಗೆ ಕೇಳುವುದು ಕುರ್ಚಿಯ ಲೆಕ್ಕದಲ್ಲಿ. "ಯಾವ ಕುರ್ಚಿಯಲ್ಲಾದರೂ ಎಷ್ಟು ಹೊತ್ತಾದರೂ ಕೂರಬಲ್ಲೆ" ಎಂಬುದು ಅಲ್ಲಿನ ಅತ್ಯುತ್ತಮ ಉತ್ತರ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಲ್ಲಿ ಪಾತ್ರೆ ತೊಳೆಯುವುದು, ಬಗ್ಗಿ ಕಳೆ ಕೀಳುವುದು ಅದರಲ್ಲಿ ಇಲ್ಲವೇ ಇಲ್ಲ. ದಾಂಪತ್ಯದ ಪ್ರಶ್ನೆಯನ್ನು ನಮ್ಮ ಹೆಂಗಸರು ಬಹಳ ಮಂದಿ ಖಾಲಿ ಬಿಡುತ್ತಾರೆ. ಹಾಗಾಗಿ ಇಂಗ್ಲೆಂಡಿನಲ್ಲಿ ಇಪ್ಪತ್ತು ಅಂಕ ಬಂದವರು ಆರಾಮಾಗಿರಬಹುದು. ನಮ್ಮ ಹಳ್ಳಿಯಲ್ಲಿ ಅದೇ ಇಪ್ಪತ್ತು ಅಂಕದವರು ಅಡುಗೆಮನೆಗೆ ಹೋಗಲಾಗದೆ ಅಳುತ್ತಿರಬಹುದು. ನಮ್ಮ ಜನರ ಬದುಕಿಗೆ ಹೊಂದುವ ಅಳತೆ ನಮ್ಮಲ್ಲೇ ಆಗಬೇಕು. ಇದು ನನ್ನ ಬಹುದಿನದ ಆಸೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಟರ್ನೆಟ್‌ನಲ್ಲಿ ನೀವು ಓದಿದ ಎರಡೂ ಬಗೆಯ ಜನ ನಿಜವನ್ನೇ ಹೇಳುತ್ತಿರಬಹುದು. ಯಾಕೆಂದರೆ ಫ್ಯೂಷನ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾಯಿಲೆಗಳಿಗೆ ಚಿಕಿತ್ಸೆ ನಡೆಯುತ್ತದೆ. ಕಾಲಿಗೆ ಸೆಳೆತವಿಲ್ಲ, ಮೂಳೆ ಜಾರಿಲ್ಲ, ಬರೀ ಸವೆದ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಮತ್ತು ಸೊಂಟ ನೋವು. ಇಂಥವರಿಗೆ ಫ್ಯೂಷನ್ ಎಷ್ಟು ಉಪಯೋಗ? 2001ರಲ್ಲಿ ಪ್ರಕಟವಾದ ಸ್ವೀಡನ್ನಿನ 294 ಜನರ ಅಧ್ಯಯನದಲ್ಲಿ ಆಪರೇಷನ್ ಆದವರಲ್ಲಿ ಶೇ. 63 ಜನ ಸುಧಾರಿಸಿದೆ ಎಂದರು. ಆಗದವರಲ್ಲಿ ಶೇ. 29. ಎಲ್ಲರಿಗೂ ಖುಷಿಯಾಯಿತು. ಆದರೆ ಅಲ್ಲಿ ಆಪರೇಷನ್ ಆಗದವರಿಗೆ ಸಿಕ್ಕಿದ್ದು ಮಾಮೂಲಿ ಚಿಕಿತ್ಸೆ. 2003ರಲ್ಲಿ ನಾರ್ವೆಯವರು, 2005ರಲ್ಲಿ ಬ್ರಿಟನ್ನಿನವರು ಬೇರೆ ರೀತಿ ನೋಡಿದರು. ಆಪರೇಷನ್ ಬೇಡದ ಗುಂಪಿಗೆ ಗಟ್ಟಿಯಾದ ವ್ಯಾಯಾಮ ಕೊಟ್ಟರು. ಭಯ ಬಿಡಿಸುವ ಮಾತುಕತೆಯನ್ನೂ ಸೇರಿಸಿದರು. ಬ್ರಿಟನ್ನಿನಲ್ಲಿ ವಾರಕ್ಕೆ ಐದು ದಿನದಂತೆ ಮೂರು ವಾರ. ಅಲ್ಲಿದ್ದ 349 ಜನರಲ್ಲಿ ಆಪರೇಷನ್ ಆದವರ ಆಸ್ವೆಸ್ಟ್ರಿ ಅಂಕ 46.5ರಿಂದ 34ಕ್ಕೆ ಇಳಿಯಿತು. ವ್ಯಾಯಾಮದವರದ್ದು 44.8ರಿಂದ 36.1ಕ್ಕೆ. ಎರಡರ ಇಳಿಕೆಯ ನಡುವಿನ ಅಂತರ ಬರೀ ಸುಮಾರು ನಾಲ್ಕು ಅಂಕ. ಹನ್ನೊಂದು ವರ್ಷದ ನಂತರ ನೋಡಿದಾಗಲೂ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಬರೀ ಸೊಂಟ ನೋವಿಗೆ ಫ್ಯೂಷನ್ ಎಂದರೆ ನಾನು ನೂರು ಸಲ ಯೋಚಿಸಿ ಎನ್ನುತ್ತೇನೆ.

ನಿಮ್ಮ ಅಮ್ಮನ ವಿಷಯ ಬೇರೆ. ನಡೆದರೆ ಕಾಲು ಭಾರ, ಕೂತರೆ ಹಗುರ. ಇದು ನರದ ದಾರಿ ಕಿರಿದಾದಾಗ ಬರುವ ಲಕ್ಷಣ. ಮೂಳೆ ಜಾರಿ ನರ ಒತ್ತಿದವರಿಗೆ ಆಪರೇಷನ್ನಿನಿಂದ ಒಳ್ಳೆಯ ಉಪಶಮನ ಸಿಗುತ್ತದೆ. ಅಮೆರಿಕದ ಹದಿಮೂರು ಕೇಂದ್ರಗಳಲ್ಲಿ ನಡೆದ 'ಸ್ಪೋರ್ಟ್' ಎಂಬ ಅಧ್ಯಯನದಲ್ಲಿ ಆಪರೇಷನ್ ಮಾಡಿಸಿಕೊಂಡವರು ನಾಲ್ಕು ವರ್ಷದ ನಂತರವೂ ಮಾಡಿಸಿಕೊಳ್ಳದವರಿಗಿಂತ ಚೆನ್ನಾಗಿದ್ದರು. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಉಪಶಮನ ಕೊಡುವುದು ನರದ ಮೇಲಿನ ಒತ್ತಡ ತೆಗೆಯುವುದಾ, ಇಲ್ಲ ಸ್ಕ್ರೂ ಹಾಕಿ ಬೆಸೆಯುವುದಾ?

ಕಳೆದ ಹತ್ತು ವರ್ಷದ ಅತಿ ಮುಖ್ಯ ಚರ್ಚೆ ಇದೇ. 2016ರ ಏಪ್ರಿಲ್‌ನಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನ ಬಂದವು. ಸ್ವೀಡನ್ನಿನದ್ದು 247 ಜನರದ್ದು. ಬರೀ ಒತ್ತಡ ತೆಗೆದವರಿಗೂ ಫ್ಯೂಷನ್ ಸೇರಿಸಿದವರಿಗೂ ವ್ಯತ್ಯಾಸವಿಲ್ಲ. ಆರು ನಿಮಿಷ ನಡೆಸಿ ದೂರವನ್ನೂ ಅಳೆದರು. ಫ್ಯೂಷನ್ ಆದವರು ಸರಾಸರಿ 397 ಮೀಟರ್, ಆಗದವರು 405 ಮೀಟರ್. ಅಮೆರಿಕದ ಅಧ್ಯಯನ ಚಿಕ್ಕದು, 66 ಜನ. ಅದರಲ್ಲಿ ಫ್ಯೂಷನ್ ಆದವರ ಆರೋಗ್ಯದ ಅಂಕ ಸ್ವಲ್ಪ ಜಾಸ್ತಿ ಏರಿತು. ಮತ್ತೆ ಆಪರೇಷನ್ ಬೇಕಾದದ್ದು ಶೇ. 14 ಜನಕ್ಕೆ. ಫ್ಯೂಷನ್ ಆಗದವರಲ್ಲಿ ಶೇ. 34. ಒಂದೇ ದಿನ ಎರಡು ಉತ್ತರ! ಆಮೇಲೆ 2021ರಲ್ಲಿ ನಾರ್ವೆಯಿಂದ ದೊಡ್ಡ ಅಧ್ಯಯನ ಬಂತು. ಪ್ರತಿಯೊಬ್ಬರಿಗೂ ಒಂದು ಜಾಗದಲ್ಲಿ ಮಾತ್ರ ಮೂಳೆ ಜಾರಿತ್ತು, 267 ಜನ. ಎರಡು ವರ್ಷಕ್ಕೆ ಒಳ್ಳೆಯ ಸುಧಾರಣೆ ಕಂಡವರು ಬರೀ ಒತ್ತಡ ತೆಗೆದವರಲ್ಲಿ ಶೇ. 71.4, ಫ್ಯೂಷನ್ ಆದವರಲ್ಲಿ ಶೇ. 72.9. ಹೆಚ್ಚುಕಡಿಮೆ ಸಮ. ಮತ್ತೆ ಆಪರೇಷನ್ ಆದವರು ಕ್ರಮವಾಗಿ ಶೇ. 12.5 ಮತ್ತು ಶೇ. 9.1.

ಇದರಿಂದ ನಿಮ್ಮ ಡಾಕ್ಟರು ತಪ್ಪು ಹೇಳಿದ್ದಾರೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಬಗ್ಗಿದಾಗ ಮೂಳೆ ಇನ್ನಷ್ಟು ಜಾರುತ್ತಿದ್ದರೆ, ಜಾರಿದ್ದು ಜಾಸ್ತಿಯಿದ್ದರೆ, ನರ ಹೊರಬರುವ ಪಕ್ಕದ ಕಿಂಡಿಯೇ ಮುಚ್ಚಿದ್ದರೆ ಫ್ಯೂಷನ್ ಬೇಕಾಗುತ್ತದೆ. ಬರೀ ಮಲಗಿಸಿ ತೆಗೆದ ಎಂಆರ್‌ಐಯಲ್ಲಿ ಇದು ಪೂರ್ತಿ ತಿಳಿಯುವುದಿಲ್ಲ. ನಿಲ್ಲಿಸಿ, ಮುಂದಕ್ಕೆ ಬಗ್ಗಿಸಿ, ಹಿಂದಕ್ಕೆ ಬಾಗಿಸಿ ತೆಗೆದ ಎಕ್ಸ್‌ರೇ ಬೇಕು. "ನಮ್ಮ ಅಮ್ಮನಿಗೆ ಬರೀ ಒತ್ತಡ ತೆಗೆದರೆ ಸಾಕಾಗುತ್ತಾ? ಸಾಲದು ಅಂದರೆ ಯಾಕೆ?" ಎಂದು ಕೇಳಿ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಎಕ್ಸ್‌ರೇ ತೋರಿಸಿ ವಿವರಿಸುತ್ತಾರೆ.

ಇನ್ನು ನೆಲದ ಮೇಲೆ ಕೂರುವ ವಿಷಯ. ಅಮೆರಿಕದ ಸಂಶೋಧಕರು ಹತ್ತು ಹನ್ನೆರಡು ವರ್ಷದ ಹಿಂದೆ ಸೊಂಟದ ಬಿಗಿತದಿಂದ ಆಗುವ ತೊಂದರೆಯನ್ನೇ ಅಳೆಯುವ ಪ್ರಶ್ನಾವಳಿ ಮಾಡಿದರು. ಚಡ್ಡಿ ಹಾಕಿಕೊಳ್ಳುವುದು, ಸಾಕ್ಸ್, ಶೌಚದ ನಂತರ ತೊಳೆದುಕೊಳ್ಳುವುದು, ಇಂಥವು. ಜಪಾನ್, ಕೊರಿಯಾದಂಥ ನೆಲದ ಮೇಲೆ ಕೂರುವ ದೇಶಗಳಲ್ಲೂ ಈ ದಾರಿಯಲ್ಲಿ ಕೆಲಸ ನಡೆದಿದೆ. ಇವುಗಳಿಂದ ತಿಳಿದದ್ದು ಇಷ್ಟು. ಒಂದೇ ಜಾಗ ಬೆಸೆದರೆ ಬಿಗಿತದ ತೊಂದರೆ ಕಡಿಮೆ. ಎಷ್ಟೋ ಜನಕ್ಕೆ ನೋವು ಹೋದದ್ದರಿಂದ ಮೊದಲಿಗಿಂತ ಬಗ್ಗುವುದೇ ಸುಲಭ ಎನಿಸುತ್ತದೆ. ನಾಲ್ಕೈದು ಜಾಗ ಉದ್ದಕ್ಕೆ ಬೆಸೆದವರಿಗೆ ಮಾತ್ರ ಬಟ್ಟೆ ಹಾಕಿಕೊಳ್ಳುವುದು, ನೆಲದಿಂದ ಏಳುವುದು, ತೊಳೆದುಕೊಳ್ಳುವುದು ನಿಜಕ್ಕೂ ಕಷ್ಟ.

ಕಾರಣ ಸರಳ. ನಾವು ಬಗ್ಗುವಾಗ ಬಾಗುವುದು ಬೆನ್ನು ಮಾತ್ರ ಅಲ್ಲ, ತೊಡೆಯ ಬುಡದ ಕೀಲೂ ದೊಡ್ಡ ಪಾಲು ಹೊರುತ್ತದೆ. ಎಲ್4-ಎಲ್5 ಒಂದನ್ನು ನಿಲ್ಲಿಸಿದರೆ ಉಳಿದ ಕೀಲುಗಳು ಸುಧಾರಿಸಿಕೊಳ್ಳುತ್ತವೆ. ಹಾಗಾಗಿ ಒಂದೇ ಜಾಗದ ಫ್ಯೂಷನ್ ಆದರೆ, ಮೂಳೆ ಕೂಡಿದ ಮೇಲೆ, ಅಮ್ಮ ನೆಲದ ಮೇಲೆ ಕೂರುವ ಸಾಧ್ಯತೆ ಚೆನ್ನಾಗಿದೆ. ಮೊದಲ ಮೂರು ತಿಂಗಳು ಬೇಡವೇ ಬೇಡ. ಆಮೇಲೂ ಸರ್ಜನ್ ಎಕ್ಸ್‌ರೇ ನೋಡಿ ಹೂಂ ಎನ್ನಬೇಕು. ನನ್ನ ಅನುಭವದಲ್ಲಿ 58ರ ವಯಸ್ಸಿನಲ್ಲಿ ನೆಲದಿಂದ ಏಳಲು ಅಡ್ಡ ಬರುವುದು ಬೆನ್ನಿಗಿಂತ ಮಂಡಿಯೇ ಜಾಸ್ತಿ. ಅಮ್ಮನ ಮಂಡಿ ಹೇಗಿದೆ ಎಂದು ನೀವು ಬರೆದಿಲ್ಲ. ಅದನ್ನೂ ಈಗಲೇ ತೋರಿಸಿ.

ರೊಟ್ಟಿ ತಟ್ಟುವುದು ಬೇರೆ ಲೆಕ್ಕ. ನೆಲದ ಮೇಲೆ ಕೂತು ಮುಂದಕ್ಕೆ ಬಾಗಿ, ಹಿಟ್ಟು ನಾದಿ, ಬಡಿದು, ಪಕ್ಕಕ್ಕೆ ತಿರುಗಿ ಹಂಚಿಗೆ ಹಾಕಬೇಕು. ಬೆಸೆದ ಜಾಗದ ಮೇಲಿನ ಡಿಸ್ಕಿಗೆ ಇದು ಭಾರ. ಒಲೆಯನ್ನೂ ರೊಟ್ಟಿ ಹಲಗೆಯನ್ನೂ ಕಟ್ಟೆಯ ಮೇಲಿಟ್ಟು ನಿಂತು ತಟ್ಟಲಿ. ಇದನ್ನು ಆಪರೇಷನ್ನಿಗೆ ಮುಂಚೆಯೇ ಮಾಡಿಬಿಡಿ. ಆಸ್ಪತ್ರೆಯಿಂದ ಬಂದ ಮೇಲೆ "ನಿನ್ನ ಅಡುಗೆಮನೆ ಬದಲಾಯಿತು" ಎಂದರೆ ಅವರಿಗೆ ನೋವಾಗುತ್ತದೆ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಅದನ್ನೂ ಮೊದಲೇ ಮಾಡಿಸಿ. ಹೊಲಕ್ಕೆ ನಡೆದು ಹೋಗಿ ಬರುವುದು ಒಳ್ಳೆಯದೇ. ನಡಿಗೆ ಆಪರೇಷನ್ನಿನ ಮರುದಿನದಿಂದಲೇ ಶುರುವಾಗುವ ಔಷಧ. ಬಗ್ಗಿ ಕಳೆ ಕೀಳುವುದು, ಹುಲ್ಲಿನ ಹೊರೆ ಹೊರುವುದು ಮಾತ್ರ ಇನ್ನು ಬೇರೆಯವರ ಪಾಲಿಗಿರಲಿ.

ಪಕ್ಕದ ಡಿಸ್ಕಿನ ಮಾತು ಬಂದದ್ದರಿಂದ ಹೇಳುತ್ತೇನೆ. ಒಂದು ಜಾಗ ನಿಂತರೆ ಅದರ ಪಕ್ಕದ್ದು ಬೇಗ ಸವೆಯಬಹುದು. 2004ರ ಒಂದು ಪ್ರಸಿದ್ಧ ಅಧ್ಯಯನದ ಅಂದಾಜಿನಂತೆ ಹತ್ತು ವರ್ಷದಲ್ಲಿ ಸುಮಾರು ಶೇ. 36 ಜನಕ್ಕೆ ಪಕ್ಕದ ಜಾಗಕ್ಕೂ ಆಪರೇಷನ್ ಬೇಕಾಗಬಹುದು. ಬೇರೆ ಕೆಲವು ಅಧ್ಯಯನಗಳಲ್ಲಿ ಇದು ಕಡಿಮೆ. ವಯಸ್ಸಿನ ಸವೆತವೂ ಇದರಲ್ಲಿ ಸೇರಿದೆ. ಆದರೂ ಸೊನ್ನೆಯಂತೂ ಅಲ್ಲ. ಬೆಸೆಯುವಾಗ ಸೊಂಟದ ಸಹಜ ಒಳಬಾಗು ಉಳಿಸಿಕೊಳ್ಳುವುದು ಬಹಳ ಮುಖ್ಯ ಎಂದು ಈಗ ಗೊತ್ತಾಗಿದೆ. ದೇಹ ಮುಂದಕ್ಕೆ ವಾಲಿದಷ್ಟೂ ಬದುಕಿನ ಗುಣಮಟ್ಟದ ಅಂಕ ಇಳಿಯುತ್ತದೆ ಎಂದು 2005ರಿಂದಲೇ ಪುರಾವೆ ಸಿಕ್ಕಿದೆ. ಚಿಕ್ಕ ಗಾಯದ ಆಪರೇಷನ್ ಬಗ್ಗೆಯೂ ಕೇಳಿರುತ್ತೀರಿ. ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಬರಬಹುದು. ಎರಡು ವರ್ಷದ ಹೊತ್ತಿಗೆ ಫಲಿತಾಂಶ ತೆರೆದ ಆಪರೇಷನ್ನಿನಷ್ಟೇ. ಅದಕ್ಕಾಗಿ ಸಾಲ ಮಾಡಬೇಡಿ.

ನನ್ನ ಮನಸ್ಸಿಗೆ ಹತ್ತಿರವಾದ ಅಧ್ಯಯನ ಒಂದಿದೆ. 2003ರಲ್ಲಿ ಪ್ರಕಟವಾದದ್ದು. ಡೆನ್ಮಾರ್ಕ್‌ನಲ್ಲಿ ಫ್ಯೂಷನ್ ಆದ 90 ಜನರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ವ್ಯಾಯಾಮದ ವಿಡಿಯೋ. ಇನ್ನೊಂದಕ್ಕೆ ಎಂಟು ವಾರ ಫಿಸಿಯೋಥೆರಪಿ ತರಬೇತಿ. ಮೂರನೆಯದಕ್ಕೆ ವಿಡಿಯೋ ಜೊತೆಗೆ ಎಂಟು ವಾರದಲ್ಲಿ ಮೂರು ಸಲ ಭೇಟಿ. ತಮ್ಮಂತೆಯೇ ಆಪರೇಷನ್ ಆದವರ ಜೊತೆ ಕೂತು ಮಾತಾಡುವುದು. ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿರುತ್ತಿದ್ದರು. ಇದಕ್ಕೆ 'ಬೆನ್ನಿನ ಕೆಫೆ' ಎಂದೇ ಹೆಸರಿಟ್ಟರು. ಎರಡು ವರ್ಷದ ನಂತರ ದಿನದ ಕೆಲಸಗಳನ್ನು ಹೆಚ್ಚು ಚೆನ್ನಾಗಿ ಮಾಡುತ್ತಿದ್ದವರು ಈ ಕೆಫೆಯವರು! "ನಿನಗೂ ಹೀಗೆ ಜುಮ್ಮು ಅನ್ನುತ್ತಾ? ನೀನು ಮೆಟ್ಟಿಲು ಯಾವಾಗ ಹತ್ತಿದೆ?" ಎಂದು ಕೇಳಿಕೊಂಡದ್ದೇ ಅರ್ಧ ಭಯ ಕಳೆದಿರಬೇಕು. ಭಯ ಎಂದರೆ ಸಣ್ಣ ವಿಷಯವಲ್ಲ. ಅಲ್ಲಾಡಿದರೆ ಸ್ಕ್ರೂ ಕಿತ್ತುಬರುತ್ತದೆ ಎಂಬ ಹೆದರಿಕೆ, ಖಿನ್ನತೆ, ನೋವನ್ನು ಕುರಿತು ಸದಾ ಕೆಟ್ಟದ್ದನ್ನೇ ಯೋಚಿಸುವುದು. ಇವಿದ್ದವರು ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಹಿಂದೆ ಬೀಳುತ್ತಾರೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ನಮ್ಮಲ್ಲಿ ಪ್ರೀತಿಯಿಂದಲೇ ತಪ್ಪು ಮಾಡುತ್ತೇವೆ. "ಅಮ್ಮಾ, ನೀನು ಏನೂ ಮಾಡಬೇಡ, ಸುಮ್ನೆ ಮಲಗಿರು" ಎಂದು ಆರು ತಿಂಗಳು ಮಲಗಿಸುತ್ತೇವೆ. ಬೆನ್ನಿನ ಸ್ನಾಯು ಕರಗಿಹೋಗುತ್ತದೆ. ಅತಿ ಅವಸರವೂ ಬೇಡ. ಡೆನ್ಮಾರ್ಕ್‌ನದೇ ಇನ್ನೊಂದು ಅಧ್ಯಯನದಲ್ಲಿ ಆರು ವಾರಕ್ಕೆ ವ್ಯಾಯಾಮದ ತರಬೇತಿ ಶುರು ಮಾಡಿದವರಿಗಿಂತ ಹನ್ನೆರಡು ವಾರಕ್ಕೆ ಶುರು ಮಾಡಿದವರು ಒಂದು ವರ್ಷದ ಹೊತ್ತಿಗೆ ಚೆನ್ನಾಗಿದ್ದರು. ಅಲ್ಲಿಯವರೆಗೆ ನಡಿಗೆ ಸಾಕು. ಮನೆ ಅಂಗಳದಲ್ಲಿ ಐದು ನಿಮಿಷದಿಂದ ಶುರು, ದಿನಕ್ಕೆ ಸ್ವಲ್ಪ ಜಾಸ್ತಿ. ನಿಮ್ಮ ಊರಿನ ಸುತ್ತ ಈ ಆಪರೇಷನ್ ಆಗಿ ಚೆನ್ನಾಗಿರುವ ಹೆಂಗಸು ಯಾರಾದರೂ ಇದ್ದರೆ ಅಮ್ಮನನ್ನು ಅವರ ಮನೆಗೆ ಒಮ್ಮೆ ಕರೆದುಕೊಂಡು ಹೋಗಿ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಕು.

ಚೇತರಿಕೆಯ ಕ್ರಮವೂ ಅವರಿಗೆ ಗೊತ್ತಿರಲಿ. ಸಾಮಾನ್ಯವಾಗಿ ಕಾಲಿನ ಸೆಳೆತ ಮೊದಲು ಹೋಗುತ್ತದೆ. ಸೊಂಟದ ನೋವು ನಿಧಾನ. ಜೋಮು ಎಲ್ಲಕ್ಕಿಂತ ಕೊನೆಗೆ, ಕೆಲವರಲ್ಲಿ ಪೂರ್ತಿ ಹೋಗುವುದೂ ಇಲ್ಲ. "ಪೂರ್ತಿ ಗುಣ" ಎಂದು ಕಾದವರಿಗೆ ಬೇಸರವಾಗುತ್ತದೆ. "ಸಂತೆಗೆ ನಡೆದು ಹೋಗುವಷ್ಟು" ಎಂದು ಕಾದವರಿಗೆ ಖುಷಿಯಾಗುತ್ತದೆ.

ಅಮ್ಮನಿಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದೆಯಾ? ಇದ್ದರೆ ಈವತ್ತೇ ಬಿಡಿಸಿ. ನಿಕೋಟಿನ್ ಮೂಳೆ ಕೂಡಲು ಬಿಡುವುದಿಲ್ಲ. 2000ದಲ್ಲಿ ಬಂದ ಒಂದು ಅಧ್ಯಯನದಲ್ಲಿ ಸಿಗರೇಟು ಸೇದದವರಲ್ಲಿ ಮೂಳೆ ಕೂಡದೇ ಹೋದದ್ದು ಶೇ. 14. ಆಪರೇಷನ್ ನಂತರವೂ ಸೇದುತ್ತಲೇ ಇದ್ದವರಲ್ಲಿ ಶೇ. 26ಕ್ಕೂ ಜಾಸ್ತಿ. ಜಗಿದರೂ ಒಳಗೆ ಹೋಗುವುದು ಅದೇ ನಿಕೋಟಿನ್. ಮುಟ್ಟು ನಿಂತು ವರ್ಷಗಳಾಗಿದ್ದರೆ ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಟೊಳ್ಳು ಮೂಳೆಯಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬಂದ ಮೇಲೆಯೇ ದಿನ ಗೊತ್ತು ಮಾಡಿ.

ಸ್ವೀಡನ್ನಿನಲ್ಲಿ ದೇಶದ ಬೆನ್ನಿನ ಆಪರೇಷನ್‌ಗಳನ್ನು ದಾಖಲಿಸುವ 'ಸ್ವೆಸ್ಪೈನ್' ಎಂಬ ನೋಂದಣಿ ಇದೆ. ಆ ಲೆಕ್ಕದಿಂದ, ನಿಮ್ಮಂಥ ರೋಗಿಗೆ ಹಿಂದೆ ಏನಾಯಿತು ಎಂದು ಡಾಕ್ಟರು ಮತ್ತು ರೋಗಿ ಒಟ್ಟಿಗೇ ಕೂತು ನೋಡುವ ಸಾಧನವನ್ನೂ ಮಾಡಿದ್ದಾರೆ. ಸಂಶೋಧನೆ ಈಗ ಸಾಗುತ್ತಿರುವ ದಿಕ್ಕು ಇದು. ಎಲ್ಲರ ಸರಾಸರಿ ಬಿಟ್ಟು ಈ ಒಬ್ಬರಿಗೆ ಏನಾಗಬಹುದು ಎಂದು ಹುಡುಕುವುದು. ನಮ್ಮಲ್ಲಿ ಅಂಥ ಸಾಧನ ಬರುವವರೆಗೆ ಒಂದು ಹಾಳೆ ಸಾಕು. ಅಮ್ಮನನ್ನು ಕೂರಿಸಿಕೊಂಡು ಅವರಿಗೆ ಮಾಡಲೇಬೇಕು ಎನ್ನಿಸುವ ಐದು ಕೆಲಸ ಬರೆಯಿರಿ. ಅವರ ಮಾತಿನಲ್ಲೇ ಬರೆಯಿರಿ. ಈಗ ಎಷ್ಟು ಆಗುತ್ತಿದೆ ಎಂದು ಹತ್ತಕ್ಕೆ ಅಂಕ ಹಾಕಿಸಿ. ಆ ಹಾಳೆಯನ್ನು ಸರ್ಜನ್ ಮುಂದಿಟ್ಟು ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೇಳಿ. ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಅದೇ ಹಾಳೆ ತೆಗೆಯಿರಿ.

ಯೋಚಿಸಲು ಸಮಯ ತೆಗೆದುಕೊಳ್ಳಿ, ಇದು ನಾಳೆಯೇ ಆಗಬೇಕಾದ ಆಪರೇಷನ್ ಅಲ್ಲ. ಆದರೆ ಮೂತ್ರ ಹಿಡಿದುಕೊಳ್ಳಲು ಆಗದಿದ್ದರೆ ಅಥವಾ ಬರುವುದೇ ನಿಂತರೆ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವಂತಾದರೆ ಒಂದು ದಿನವೂ ಕಾಯಬೇಡಿ. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಅದೇನೂ ಇಲ್ಲವಾದರೆ, ಮೊದಲ ಕೆಲಸ ಬಗ್ಗಿಸಿ ತೆಗೆಯುವ ಆ ಎಕ್ಸ್‌ರೇ. ಅದರ ವರದಿ ಬಂದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ, ಅಮ್ಮನ ಐದು ಕೆಲಸದ ಹಾಳೆಯನ್ನೂ ಜೊತೆಗೆ ಕಳಿಸಿ.